ಬೇರು ಸಮೇತ

"ಬೇರು ಕಿತ್ತರೆ ಕೈ ಮುರಿದು ಹಾಕ್ತೀನಿ, ಮುಂಡೆ! ಕುಡುಗೋಲು ಏನು ಬೆನ್ನು ಕೆರ್ಕೊಳ್ಳೋಕಾ ಕೊಟ್ಟಿರೋದು?"

ಧಣಿ ಬದುವಿನ ಮೇಲೆ ನಿಂತಿದ್ದರು. ಗಿಡ್ಡಿಯ ಕೈಯಲ್ಲಿ ಬುಡಸಮೇತ ಎದ್ದು ಬಂದ ಒಂದು ಹೆಸರುಕಾಳಿನ ಗಿಡವಿತ್ತು. ಬೇರಿನ ತುಂಬ ಸಾಸಿವೆಯಂಥ ಗಂಟುಗಳು. ಅವು ಮಣ್ಣಲ್ಲೇ ಉಳಿದು ಕೊಳೆತರೆ ಮುಂದಿನ ಬೆಳೆ ತೆನೆ ತುಂಬುತ್ತದೆಂದು ಆ ಹೊಲಗಳಲ್ಲಿ ಮಕ್ಕಳಿಗೂ ಗೊತ್ತು.

"ತಪ್ಪಾಯ್ತು ಧಣಿ, ಕೈತಪ್ಪಿ ಬಂತು. ನಾನೇ ಜೋಳ ಹಾಕೋ ನೆಲ, ಬೇಕಂತ ಯಾಕೆ ಕೀಳ್ಲಿ?"

"ನೀನು ಜೋಳ ಹಾಕೋದಾ?" ಧಣಿ ಪಕ್ಕದಲ್ಲಿದ್ದ ಕೂಲಿ ಮೇಸ್ತ್ರಿಯ ಕಡೆ ತಿರುಗಿ ನಕ್ಕರು. "ಕೇಳಿಸ್ಕೊಂಡ್ಯೇನೋ! ನಾಳೆ ನನ್ನ ಟ್ರ್ಯಾಕ್ಟರ್ ಬರುತ್ತೆ. ನೀನು ಆ ಕಲ್ಲುಪಟ್ಟಿ ಹೊಲಕ್ಕೆ ನಡಿ, ಇನ್ಮೇಲೆ ಅದೇ ನಿನ್ನ ಗೇಣಿ."

ಗಿಡ್ಡಿ ಮದುವೆಯಾಗಿ ಬಂದಾಗಿನಿಂದ ಇದೇ ಆಟ. ಧಣಿಯ ಜೋಳ, ಹತ್ತಿ ಹೀರಿ ಬಿಸಾಕಿದ ಹೊಲ ಅವಳ ಗೇಣಿಗೆ. ಅವಳು ಹೆಸರು ಬಿತ್ತಿ, ಅರ್ಧ ಕಾಳು ಅಳೆದು ಕೊಟ್ಟು, ನೆಲ ಉಸಿರಾಡುವಷ್ಟರಲ್ಲಿ ಇನ್ನೊಂದು ಬಡಕಲು ಹೊಲಕ್ಕೆ.

ಈ ಸಲ ಬೀಜದ ವಿಷಯದಲ್ಲಿ ಅವಳು ಹಟ ಹಿಡಿದಿದ್ದಳು. ಅತ್ತೆ ಕೊಟ್ಟ ಹಳೆಯ ತಳಿ ಬಿಡಿಸಿದಷ್ಟೂ ಮತ್ತೆ ಕಾಯಿ ಬಿಡುವಂಥದ್ದು. ಒಲೆಗೆ ಬಹುಕಾಲ ಕಾಳು ಒದಗುತ್ತಿತ್ತು. ಧಣಿಗೆ ಬೇಕಾಗಿದ್ದದ್ದು ಒಟ್ಟಿಗೇ ಮಾಗುವ ಹೊಸ ತಳಿ: ಒಂದೇ ಕೊಯ್ಲು, ಹೊಲ ಬೇಗ ಖಾಲಿ. "ನನ್ನ ಬೀಜ ಹಾಕು, ಇದೇ ನೆಲದಲ್ಲಿ ಮುಂದಿನ ಜೋಳ ನಿಂದೇ" ಎಂದಿದ್ದರು. ಅವಳು ನಂಬಿದಳು. ಇನ್ನು ಯಾತಕ್ಕೆಂದು ಅತ್ತೆಯ ಬೀಜವನ್ನು ಬೇಯಿಸಿ ಮಕ್ಕಳಿಗೆ ಬಡಿಸಿಬಿಟ್ಟಳು.

"ಮಾತು ಕೊಟ್ಟಿದ್ರಿ, ಧಣಿ."

"ಮಾತು ಕೊಟ್ಟೆ, ನೆಲ ಕೊಟ್ಟೆನಾ? ಸಂಜೆಯೊಳಗೆ ಕೊಯ್ದು ಮುಗಿಸು. ಒಂದು ಬೇರು ಮೇಲೆ ಬಂದ್ರೂ ಆ ಕಲ್ಲೂ ಇಲ್ಲ ನಿಂಗೆ."

ಧಣಿಯ ಗಾಡಿ ಧೂಳೆಬ್ಬಿಸಿ ಹೋಯಿತು. ಮೇಸ್ತ್ರಿ ಹೆಂಗಸರ ನೀರಿನ ಬಿಂದಿಗೆಯನ್ನು ನೆರಳಿಗೆ ಸರಿಸಿಟ್ಟ.

"ಸುಮ್ನೆ ಕೊಯ್ಯಮ್ಮ. ಆ ಪಟ್ಟಿನೂ ಹೋದ್ರೆ ಏನು ಮಣ್ಣು ತಿಂತೀಯಾ?"

"ತಿಂದಾಯ್ತಲ್ಲಣ್ಣ, ಅವನ ಎಲ್ಲಾ ಹೊಲದ್ದೂ" ಎಂದಳು ಪಕ್ಕದ ಸಾಲಿನಿಂದ ಗಿಡ್ಡಿಯ ನಾದಿನಿ. "ಇನ್ಯಾವ ಹೊಲದ ರುಚಿ ನೋಡಿ ಹೇಳ್ಬೇಕು ಆ ಬೋಳಿಮಗಂಗೆ?"

ಗಿಡ್ಡಿ ನಗಲಿಲ್ಲ. ಎರಡು ಬುಡ ಕೊಯ್ದಳು. ಮೂರನೆಯದಕ್ಕೆ ಕುಡುಗೋಲು ಕೆಳಗಿಟ್ಟು, ಬುಡಕ್ಕೆ ಕೈಹಾಕಿ ಎಳೆದಳು. ಅವಳೇ ಹದಮಾಡಿದ ಮಣ್ಣು ತಕರಾರಿಲ್ಲದೆ ಬಿಟ್ಟುಕೊಟ್ಟಿತು.

"ಅಯ್ಯೋ, ಬೇಡಮ್ಮಾ!"

"ನೋಡೋಕಾಗ್ದಿದ್ರೆ ಆ ಕಡೆ ತಿರುಗು, ಅಣ್ಣ."

ಮೇಸ್ತ್ರಿ ಬೆನ್ನು ಹಾಕಿ, ರಸ್ತೆಯ ಕಡೆ ಮುಖಮಾಡಿ ಕೂತ. ನಾದಿನಿ ತಲೆಗೆ ಸುತ್ತಿದ್ದ ಬಟ್ಟೆ ಹರಿದು, ಎಳೆತಕ್ಕೆ ಸುಲಿಯದಂತೆ ಅತ್ತಿಗೆಯ ಅಂಗೈಗೆ ಕಟ್ಟಿದಳು. ತನ್ನ ಸಾಲಿಗೆ ಹೋಗಿ ಎಳೆಯತೊಡಗಿದಳು.

ಹೊತ್ತಿಳಿಯುವಾಗ ಕಾಯಿ ತುಂಬಿದ ಗಿಡಗಳ ರಾಶಿ ಬದುವಿನ ಬಳಿ ಹಾಗೆಯೇ ಇತ್ತು. ಒಂದು ಕಾಯಿಯನ್ನೂ ಅವರು ಮುಟ್ಟಿರಲಿಲ್ಲ. ಇಬ್ಬರ ತಲೆಯ ಮೇಲಿದ್ದದ್ದು ಆ ಗಿಡಗಳಿಂದ ಕತ್ತರಿಸಿದ ಬೇರಿನ ಹೊರೆ.

ಕಲ್ಲುಪಟ್ಟಿಯಲ್ಲಿ ಹೊರೆ ಇಳಿಸಿ ಗಿಡ್ಡಿ ನೆಲಕ್ಕೆ ಬೆರಳು ಒತ್ತಿದಳು. ಉಗುರೂ ಇಳಿಯಲಿಲ್ಲ. ಕುಡುಗೋಲಿನ ಮೊನೆಯಿಂದ ಕೆದಕಿ, ಒಂದು ಹಿಡಿ ಬೇರು ತುರುಕಿ, ಹಿಮ್ಮಡಿಯಿಂದ ತುಳಿದಳು. ಮತ್ತೆ ಕೆದಕಿದಳು.

"ಅತ್ತಿಗೆ, ಧಣಿ ಗಾಡಿ ಬಂತು" ಎಂದಳು ನಾದಿನಿ.

"ಬರಲಿ. ಆ ಬೇರಿನ ಹಿಡಿ ಇತ್ತ ಕೊಡು."