ಕ್ಯಾಚರ್ ಇಲ್ಲದ ಜುಲೈ

ಹೆನ್ರಿಕ್ ಬಿದ್ದಾಗ ಶೋಭನಾ ಮೈದಾನದ ಬೇಲಿಯ ಆಚೆ ಬೆಂಚಿನ ಮೇಲೆ ಕೂತು ಮಗಳು ಕೃತಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ತಲೆ ಎತ್ತಿದಾಗ ಕಂಡದ್ದು ಧೂಳು, ಆ ಧೂಳಿನೊಳಗೆ ಬಿದ್ದಿದ್ದ ಇಬ್ಬರು. ಎದುರಾಳಿ ತಂಡದವನೊಬ್ಬ ಮೂರನೇ ಬೇಸಿನಿಂದ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಲು ನುಗ್ಗಿ ಬಂದವನು, ಅದರ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹೆನ್ರಿಕ್‌ಗೆ ಜೋರಾಗಿ ಡಿಕ್ಕಿ ಹೊಡೆದಿದ್ದ. ಅವನೇನೋ ಎದ್ದು ಪ್ಯಾಂಟು ಕೊಡವಿಕೊಂಡ. ಹೆನ್ರಿಕ್ ಏಳಲಿಲ್ಲ. ಬಲಭುಜ ಜೋತುಬಿದ್ದಂತಿತ್ತು. ಎಡಗೈಯ ಗ್ಲೌಸಿನಲ್ಲಿದ್ದ ಚೆಂಡನ್ನು ಮಾತ್ರ ಬಿಟ್ಟಿರಲಿಲ್ಲ.

"ಔಟಾ?" ಎಂದು ಮಲಗಿದಲ್ಲಿಂದಲೇ ಕೇಳಿದ.

ಔಟ್ ಎಂದು ಅಂಪೈರ್ ಹೇಳಿದ ಮೇಲೆಯೇ ಅವನು ಚೆಂಡು ಕೈಬಿಟ್ಟು ಕಣ್ಣು ಮುಚ್ಚಿದ್ದು.

ಪರದೇಶದ ಕಡಲತಡಿಯ ಊರು ಕಾರ್ಲ್‌ಸ್ಕ್ರೂನಾದಲ್ಲಿ ಬೇಸ್‌ಬಾಲ್ ಆಡುವವರು ಇದ್ದಾರೆ ಎಂಬುದೇ ಆ ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಶೋಭನಾಳ ಗಂಡ ಗೋಪೀನಾಥ ಟೆಲಿಕಾಂ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ವಿಕೆಟ್‌ಕೀಪರ್ ಆಗಿದ್ದವನು. ಇಲ್ಲಿ ಕ್ರಿಕೆಟ್‌ಗೆ ಜನ ಸೇರದೆ, ಬ್ಯಾಟು ಬಾಲು ಇದ್ದರೆ ಸಾಕು ಎಂದು ಹೋದ ವರ್ಷ ಈ ತಂಡಕ್ಕೆ ಸೇರಿ, ಮೂರನೇ ಬೇಸಿನಲ್ಲಿ ನಿಲ್ಲುತ್ತಿದ್ದ. ಶೋಭನಾ ಯೂನಿವರ್ಸಿಟಿಯಲ್ಲಿ ಸಂಶೋಧಕಿ. ಪ್ರೋಗ್ರಾಮರ್‌ಗಳು ಒಟ್ಟಿಗೆ ಕೂತು ಹೇಗೆ ಕೆಲಸ ಮಾಡುತ್ತಾರೆ ಎಂದು ಅವರನ್ನೇ ಕೇಳಿ ತಿಳಿಯುವುದು ಅವಳ ಕೆಲಸ. ಕೇಳುವ ಚಟ ಭಾನುವಾರವೂ ಬಿಡುತ್ತಿರಲಿಲ್ಲ. ಚೆಂಡು ಅಷ್ಟು ದೂರ ಹೋದರೂ ಯಾಕೆ ಫೌಲು? ಹೊಡೆಯದೇ ಸುಮ್ಮನೆ ನಿಂತವನಿಗೆ ಯಾಕೆ ಒಂದು ಬೇಸ್ ಬಿಟ್ಟಿ? ಉತ್ತರ ಹೇಳಿ ಹೇಳಿ ಸುಸ್ತಾದ ಗೋಪಿ, "ಬಿರ್ಗಿಟ್ಟಾನ್ನೇ ಕೇಳು ಕಣೇ" ಎಂದು ಕೈ ತೊಳೆದುಕೊಂಡಿದ್ದ.

ಬಿರ್ಗಿಟ್ಟಾ ತಂಡದ ಕೋಚ್. ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿ ನಿವೃತ್ತಳಾದವಳು. ದನಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಹೆನ್ರಿಕ್‌ನನ್ನು ಆಂಬುಲೆನ್ಸ್ ಒಯ್ದ ಮೇಲೆ ಅವಳು ಎಲ್ಲರನ್ನೂ ಕ್ಲಬ್ಬಿನ ಮರದ ಕೊಠಡಿಗೆ ಕರೆದು ಕಾಫಿ ಬಗ್ಗಿಸಿದಳು. ಏನೇ ಆದರೂ ಮೊದಲು ಫಿಕಾ, ಎಲ್ಲರೂ ಕೂತು ಕಾಫಿ ಕುಡಿಯುವ ಇಲ್ಲಿನ ಪದ್ಧತಿ. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು: ಕೊರಳ ಬುಡದ ಮೂಳೆ ಮುರಿದಿದೆ, ಬೇಸಿಗೆ ಮುಗಿಯುವವರೆಗೂ ಆಟ ಇಲ್ಲ.

ಬಿರ್ಗಿಟ್ಟಾ ಒಂಬತ್ತು ಕಾಫಿ ಕಪ್ಪುಗಳನ್ನು ಮೇಜಿನ ಮೇಲೆ ಮೈದಾನದ ಆಕಾರಕ್ಕೆ ಜೋಡಿಸಿದಳು. ಒಂದನ್ನು ತೆಗೆದು ಪಕ್ಕಕ್ಕಿಟ್ಟಳು.

"ಇದು ಹೆನ್ರಿಕ್. ಕ್ಯಾಚರ್ ಇಲ್ಲದೆ ಆಟ ಶುರುವಾಗಲ್ಲ. ಗೋಪಿ, ನೀನು ಹಿಂದೆ ನಿಂತು ಚೆಂಡು ಹಿಡೀತಿದ್ದೆ ಅಂದಿದ್ದೆಯಲ್ಲ?"

"ಅದು ಕ್ರಿಕೆಟ್..."

"ಚೆಂಡು ಚೆಂಡೇ." ಮೂರನೇ ಬೇಸಿನ ಕಪ್ಪು ಹೋಮ್ ಪ್ಲೇಟಿನ ಹಿಂದಕ್ಕೆ ಸರಿಯಿತು. ಈಗ ಮೂರನೇ ಬೇಸ್ ಖಾಲಿ. ಬಲಗಡೆ ದೂರದಲ್ಲಿ, ರೈಟ್ ಫೀಲ್ಡ್‌ನಲ್ಲಿ ನಿಲ್ಲುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ ರಿಯಾಳ ಕಪ್ಪು ಅಲ್ಲಿಗೆ ಬಂತು. ಅಲ್ಲಿಗೆ ರೈಟ್ ಫೀಲ್ಡ್ ಖಾಲಿಯಾಯಿತು. ಅದನ್ನು ತುಂಬಲು ಬೇರೆ ಕಪ್ಪು ಇರಲಿಲ್ಲ. ಜುಲೈ ತಿಂಗಳು, ಇದ್ದ ಹೆಚ್ಚುವರಿ ಆಟಗಾರರೆಲ್ಲ ರಜೆಗೆ ದ್ವೀಪಗಳಲ್ಲೋ ಬೇಸಿಗೆ ಮನೆಗಳಲ್ಲೋ ಇದ್ದರು. ಎಂಟೇ ಜನ ಇಳಿದರೆ ಮುಂದಿನ ಪಂದ್ಯ ಆಡದೇ ಸೋತ ಲೆಕ್ಕ.

ಮೂಲೆಯಲ್ಲಿ ಕೂತಿದ್ದ ಶೋಭನಾ ಇದನ್ನೇ ಬೆರಗಾಗಿ ನೋಡುತ್ತಿದ್ದಳು. ಮುರಿದದ್ದು ಆಟದ ನಡುಮಧ್ಯದಲ್ಲಿ, ಖಾಲಿಯಾದದ್ದು ಮೈದಾನದ ಅಂಚಿನಲ್ಲಿ. ಸುಮ್ಮನಿರಲಾಗಲಿಲ್ಲ.

"ಹೊಸಬರನ್ನ ನೇರವಾಗಿ ಮೂರನೇ ಬೇಸಿಗೆ ಹಾಕಬಾರದಾ? ಯಾಕೆ ಎಲ್ಲರನ್ನೂ ಅಲ್ಲಾಡಿಸೋದು?"

"ಮೂರನೇ ಬೇಸಿಗೆ ಚೆಂಡು ಗುಂಡಿನ ಹಾಗೆ ಬರುತ್ತೆ. ಏನೂ ಗೊತ್ತಿಲ್ಲದವರನ್ನ ಚೆಂಡು ಕಡಿಮೆ ಬರೋ ಕಡೆ ನಿಲ್ಲಿಸ್ತೀವಿ." ಬಿರ್ಗಿಟ್ಟಾ ಅವಳನ್ನೇ ನೋಡಿದಳು. ನೋಡುತ್ತಲೇ ಇದ್ದಳು. "ನಿನ್ನ ಪರ್ಸೂನ್‌ನುಮ್ಮರ್ ಎಷ್ಟು?"

ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಕೃತಿಯ ಶಿಶುವಿಹಾರ ಡಾಗಿಸ್‌ನಲ್ಲಿ ಕೇಳಿ ಕೇಳಿ ಆ ಗುರುತಿನ ನಂಬರು ಶೋಭನಾಳ ನಾಲಗೆಯ ತುದಿಯಲ್ಲೇ ಇತ್ತು. ಯಾಕೆ ಎಂದು ಯೋಚಿಸುವ ಮೊದಲೇ ಹೇಳಿಬಿಟ್ಟಳು. ಬಿರ್ಗಿಟ್ಟಾ ಅದನ್ನು ಫೋನಿನಲ್ಲಿ ಒತ್ತಿ ಅವಳನ್ನು ಆಟಗಾರರ ಪಟ್ಟಿಗೆ ಸೇರಿಸಿದಳು. ಅವರ ಸರಣಿಯಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಿದ್ದರು, ಅಡ್ಡಿಯೇನೂ ಇರಲಿಲ್ಲ.

"ಬಟ್ ಮಮ್ಮಾ, ಯೂ ಕಾಂಟ್ ಈವನ್ ಕ್ಯಾಚ್ ದ ಕೀಸ್!" ಎಂದು ಕೃತಿ ಕೂಗಿದಳು.

ದಾರಿಯಲ್ಲಿ ಗೋಪಿ ಕಾರು ಓಡಿಸುತ್ತಾ ಕೇಳಿದ: "ಸೀರಿಯಸ್ಸಾಗಿ ಆಡ್ತೀಯಾ? ಬೇಡ ಅಂದ್ರೆ ನಾನೇ ಹೇಳ್ತೀನಿ."

"ಆಡೋದಿರಲಿ. ಅಲ್ಲಿ ನಿಂತ್ರೆ ಹೇಗೆ ಕಾಣುತ್ತೆ ಅಂತ ನೋಡ್ಬೇಕು ಅನ್ಸ್ತಿದೆ."

ಮರುವಾರದ ಅಭ್ಯಾಸಕ್ಕೆ ಹೆನ್ರಿಕ್ ಬಂದ, ತೋಳಿಗೆ ಪಟ್ಟಿ ಕಟ್ಟಿಕೊಂಡು. ಅವನು ಬಡಗಿ. ಕೆಲಸಕ್ಕೂ ಹೋಗುವಂತಿಲ್ಲ, ಆಡುವಂತೆಯೂ ಇಲ್ಲ. ಮನೆಯಲ್ಲಿ ಕೂತು ತಲೆ ಕೆಟ್ಟಿದೆ ಎಂದ. ಗೋಪಿಗೆ ಏನಾದರೂ ಹೇಳಿಕೊಡುತ್ತಾನೆ ಎಂದು ಎಲ್ಲರೂ ಕಾದರೆ, ಅವನು ಸೀದಾ ಶೋಭನಾ ನಿಂತ ಹುಲ್ಲಿನ ಕಡೆ ನಡೆದುಬಂದ.

"ಗೋಪಿಗೆ ಹೇಳಿಕೊಡಲ್ವಾ?"

"ಅವನಿಗೆ ನಾನು ಹೇಳಿದ್ರೆ ನನ್ನ ಹಾಗೆ ಮಾಡೋಕೆ ಹೋಗ್ತಾನೆ. ಕೆಡ್ತಾನೆ. ನಿನಗೆ ಯಾರ ಹಾಗೂ ಮಾಡೋ ತೊಂದರೆ ಇಲ್ಲ."

ಮೇಲಿಂದ ಬರುವ ಚೆಂಡನ್ನು ಅವಳು ಒಂದೂ ಹಿಡಿಯಲಿಲ್ಲ. ತನ್ನ ಮುಂದೆ ಬೀಳುತ್ತದೆ ಎಂದುಕೊಂಡದ್ದು ಹಿಂದೆ ಬೀಳುತ್ತಿತ್ತು. ಹೆನ್ರಿಕ್ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಹೇಳಿಕೊಟ್ಟದ್ದು ಒಂದೇ: ಬೇಸುಗಳ ಹತ್ತಿರ ನಿಂತ ಯಾರಾದರೂ ಚೆಂಡು ಹಿಡಿದು ಮೊದಲನೇ ಬೇಸಿಗೆ ಎಸೆದಾಗಲೆಲ್ಲ ನೀನು ಆ ಬೇಸಿನ ಹಿಂದಕ್ಕೆ ಓಡಬೇಕು. ಅಲ್ಲಿದ್ದವನ ಕೈತಪ್ಪಿದರೆ ತಡೆಯಲು.

"ಎಷ್ಟು ಸಲ ತಪ್ಪುತ್ತೆ?"

"ತಪ್ಪೋದು ಅಪರೂಪ."

"ಮತ್ತೆ ಪ್ರತಿ ಸಲ ಓಡಬೇಕಾ?"

"ಪ್ರತಿ ಸಲ. ಯಾರೂ ನೋಡಲ್ಲ. ಚಪ್ಪಾಳೆಯೂ ಇಲ್ಲ." ಅವನು ನಕ್ಕು, ನಕ್ಕಿದ್ದಕ್ಕೆ ಭುಜ ನೊಂದು ಮುಖ ಕಿವುಚಿದ.

ಅತ್ತ ಗೋಪಿಯ ಪಾಡು ಬೇರೆಯೇ ಆಗಿತ್ತು. ವಿಕೆಟ್‌ಕೀಪರನ ಕೈ ಚೆಂಡಿನ ಜೊತೆ ಹಿಂದಕ್ಕೆ ಹೋಗಿ ಅದನ್ನು ಮೆತ್ತಗೆ ಒಳಗೆ ತೆಗೆದುಕೊಳ್ಳುತ್ತದೆ. ಇಲ್ಲಿ ಗ್ಲೌಸು ಹಿಡಿದಲ್ಲೇ ಹಿಡಿದಿರಬೇಕು, ಅಲ್ಲಾಡಿದರೆ ಅಂಪೈರ್ ಕಣ್ಣಿಗೆ ಒಳ್ಳೆಯ ಎಸೆತವೂ ಕೆಟ್ಟದ್ದಾಗಿ ಕಾಣುತ್ತದೆ. ನೆಲಕ್ಕೆ ಬಡಿದು ಬರುವ ಚೆಂಡಿಗೆ ಅವನ ಮೈ ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಇಲ್ಲಿ ಮಂಡಿಯೂರಿ ಎದೆ ಕೊಡಬೇಕು. ಹದಿನೈದು ವರ್ಷ ಕಲಿತದ್ದೇ ಅಡ್ಡ ಬರುತ್ತಿತ್ತು. ಮನೆಗೆ ಬಂದು ಸೋಫಾದಲ್ಲಿ ಮಂಡಿಗೆ ಐಸು ಇಟ್ಟುಕೊಂಡು, "ಏನೂ ಬರದೇ ಇದ್ದಿದ್ರೆ ಈಸಿ ಇತ್ತು ಕಣೇ" ಎಂದ.

ಪಂದ್ಯದ ದಿನ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಿಚರ್ ಎಬ್ಬಾ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ. ಅವಳು ಎಸೆಯುವ ಮೊದಲು ಕ್ಯಾಚರ್ ಬೆರಳಿನಲ್ಲಿ ಸನ್ನೆ ಮಾಡಿ ಯಾವ ಎಸೆತ ಬೇಕೆಂದು ಕೇಳಬೇಕು. ಗೋಪಿ ಒಂದು ಬೆರಳು ತೋರಿಸಿದರೆ ಅವಳು ಬೇಡವೆಂದು ತಲೆಯಾಡಿಸುವಳು. ಎರಡು ತೋರಿಸಿದರೂ ಇಲ್ಲ. ಗೊಂದಲದಲ್ಲಿ ಎಸೆದದ್ದು ಅವನ ಗ್ಲೌಸು ತಪ್ಪಿಸಿಕೊಂಡು ಬೇಲಿಗೆ ಹೋಗಿ ಬಡಿಯುತ್ತಿತ್ತು. ಮೂರು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಎದುರಾಳಿಗಳು ಆರು ರನ್ ಮುಂದಿದ್ದರು.

ಬೆಂಚಿಗೆ ಬಂದಾಗ ಎಬ್ಬಾ ಗೋಪಿಯ ಪಕ್ಕ ಕೂತಳು. "ನೀನು ಏನೂ ಕೇಳಬೇಡ. ಗ್ಲೌಸು ಮಧ್ಯಕ್ಕೆ ಹಿಡಿ, ಅಷ್ಟೇ. ಏನು ಎಸೀತೀನಿ ಅಂತ ನಾನೇ ನಿನಗೆ ಸನ್ನೆ ಮಾಡ್ತೀನಿ."

"ಹೆನ್ರಿಕ್ ಜೊತೆ ಹಾಗೆ ಮಾಡ್ತಿದ್ಯಾ?"

"ಇಲ್ಲ. ನಾನು ಏನು ಎಸೀಬೇಕು ಅಂದ್ಕೊಂಡಿರ್ತೀನೋ ಅವನು ಅದನ್ನೇ ಕೇಳ್ತಿದ್ದ. ಹೇಗೆ ಅಂತ ನನಗೂ ಗೊತ್ತಿಲ್ಲ."

ಬೆಂಚಿನ ತುದಿಯಲ್ಲಿದ್ದ ಹೆನ್ರಿಕ್ ಬೂಟಿನ ಲೇಸು ನೋಡುತ್ತಾ ಕೂತಿದ್ದ. ಅವನ ಕಿವಿ ಕೆಂಪಾದದ್ದು ಶೋಭನಾಗೆ ಕಂಡಿತು.

ಆಮೇಲೆ ಆಟ ನಿಧಾನಕ್ಕೆ ಹಿಡಿತಕ್ಕೆ ಬಂತು. ರಿಯಾ ಮೂರನೇ ಬೇಸಿನಲ್ಲಿ ಎಷ್ಟೋ ವರ್ಷದಿಂದ ಅಲ್ಲೇ ಇದ್ದವಳಂತೆ ಎರಡೂ ಕಡೆ ಹಾರಿ ಹಾರಿ ಚೆಂಡು ಹಿಡಿದಳು. ಗೋಪಿಯ ಎದೆಗೆ ಬಡಿದು ಚೆಂಡುಗಳು ಮುಂದೆಯೇ ಬಿದ್ದವು. ಶೋಭನಾ ಪ್ರತಿ ಸಲ ಮೊದಲನೇ ಬೇಸಿನ ಹಿಂದಕ್ಕೆ ಓಡಿದಳು, ಏನೂ ಬರಲಿಲ್ಲ. ಮತ್ತೆ ತನ್ನ ಜಾಗಕ್ಕೆ ನಡೆದಳು. ಓಡಿ ಬಂದು ನಿಂತಾಗ ಬೇಲಿಯ ಹೊರಗಿಂದ ಕಾಣದ ಎಷ್ಟೋ ಸಂಗತಿಗಳು ಅವಳಿಗೆ ಕಾಣುತ್ತಿದ್ದವು. ಎಸೆಯುವ ಮೊದಲು ಎಬ್ಬಾಳ ಹಿಮ್ಮಡಿ ಅರೆಕ್ಷಣ ನಡುಗುವುದು, ಬ್ಯಾಟ್ ಹಿಡಿದವನು ಎತ್ತ ಹೊಡೆಯಬೇಕೆಂದಿದ್ದಾನೋ ಅತ್ತ ಮೊದಲೇ ಒಮ್ಮೆ ಕಣ್ಣು ಹಾಯಿಸುವುದು.

ಒಮ್ಮೆ ಒಬ್ಬ ಅವಳ ಕಡೆಗೇ ಕಣ್ಣು ಹಾಯಿಸಿದ. ಹೊಡೆದ. ಚೆಂಡು ಎತ್ತರಕ್ಕೆ ಹೋಗಿ ಗಾಳಿಯಲ್ಲಿ ತೇಲಿತು. ಅವಳು ಮುಂದೆ ಓಡಿದಳು, ನಿಂತಳು, ಹಿಂದೆ ಓಡಿದಳು. ಚೆಂಡು ಅವಳನ್ನು ದಾಟಿ ಬಿತ್ತು. ಎತ್ತಿ ಎಸೆಯುವಷ್ಟರಲ್ಲಿ ಇಬ್ಬರು ಹೋಮ್ ಪ್ಲೇಟ್ ಮುಟ್ಟಿದ್ದರು. ಬೇಲಿಯ ಆಚೆಯಿಂದ ಕೃತಿ ಏನೋ ಕಿರುಚಿದಳು. ನಾಚಿಕೆಯಿಂದ ಶೋಭನಾಳ ಮೈ ಬಿಸಿಯಾಯಿತು. ಆದರೂ ಎಲ್ಲಿ ತಪ್ಪಿದೆ ಎಂದು ಮನಸ್ಸು ಆಗಲೇ ಹುಡುಕುತ್ತಿತ್ತು: ಮೊದಲ ಹೆಜ್ಜೆ. ಮೊದಲ ಹೆಜ್ಜೆ ಹಿಂದಕ್ಕೆ ಇಡಬೇಕಿತ್ತು.

ಎಂಟನೇ ಇನ್ನಿಂಗ್ಸಿನಲ್ಲಿ ಎಸೆತವೊಂದು ನಿಜವಾಗಿಯೂ ಮೊದಲನೇ ಬೇಸಿನವನ ಕೈತಪ್ಪಿತು. ಶೋಭನಾ ಅಲ್ಲಿದ್ದಳು. ಗ್ಲೌಸಿಗೆ ಸಿಗದೆ ಚೆಂಡು ಅವಳ ಮೊಣಕಾಲ ಕೆಳಗೆ ಬಡಿದು ಅಲ್ಲೇ ನಿಂತಿತು. ಎರಡನೇ ಬೇಸಿಗೆ ಹೊರಟಿದ್ದ ಓಟಗಾರ ಗಕ್ಕನೆ ನಿಂತು ಹಿಂದಕ್ಕೆ ಹೋದ. ಹೆನ್ರಿಕ್ ಹೇಳಿದ್ದು ನಿಜ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಂದ್ಯ ಹನ್ನೊಂದು–ಒಂಬತ್ತರಲ್ಲಿ ಸೋತರು. ಆಡಿ ಸೋತರು. ಬಿರ್ಗಿಟ್ಟಾ ಸಾಲಾಗಿ ಎಲ್ಲರ ಕೈ ಕುಲುಕಿ, ಶೋಭನಾಳ ಕಾಲಿನ ಮೇಲೆ ಎದ್ದಿದ್ದ ನೀಲಿ ಗುರುತು ನೋಡಿ, "ನಾಳೆ ಇನ್ನೂ ಚೆನ್ನಾಗಿ ಕಾಣುತ್ತೆ" ಎಂದಳು.

ಸೆಪ್ಟೆಂಬರಿನಲ್ಲಿ ಹೆನ್ರಿಕ್ ಮತ್ತೆ ಗ್ಲೌಸು ಹಾಕಿಕೊಂಡ. ಎಲ್ಲವೂ ಮೊದಲಿನಂತಾಗುತ್ತದೆ ಎಂದು ಗೋಪಿ ಅಂದುಕೊಂಡಿದ್ದ, ಆಗಲಿಲ್ಲ. ಬಿರ್ಗಿಟ್ಟಾ ರಿಯಾಳನ್ನು ಮೂರನೇ ಬೇಸಿನಿಂದ ಕದಲಿಸಲಿಲ್ಲ. ಗೋಪಿಯನ್ನು ಶೋಭನಾ ನಿಲ್ಲುತ್ತಿದ್ದ ರೈಟ್ ಫೀಲ್ಡ್‌ಗೆ ಕಳಿಸಿ, ಅವಳನ್ನು ಹೆಚ್ಚುವರಿ ಆಟಗಾರರ ಜೊತೆ ಸೇರಿಸಿದಳು.

"ನನ್ನ ಜಾಗ ಹೋಯ್ತಲ್ಲೇ," ಎಂದ ಗೋಪಿ, ಗ್ಲೌಸಿನಿಂದ ತೊಡೆ ತಟ್ಟಿಕೊಳ್ಳುತ್ತಾ. ತಮಾಷೆಯ ದನಿಯೇ ಆದರೂ ಮುಖ ಸಪ್ಪಗಿತ್ತು.

"ಅವಳು ನಿನಗಿಂತ ಚೆನ್ನಾಗಿ ಹಿಡೀತಾಳೆ ಅಲ್ವಾ?"

"ಹಿಡೀತಾಳೆ," ಎಂದು ಒಪ್ಪಿಕೊಂಡ. "ಓಡೋದು ಯಾವಾಗ ಅಂತ ನೀನೇ ಹೇಳ್ಕೊಡ್ಬೇಕು ಈಗ."

ಆವತ್ತು ಅಭ್ಯಾಸ ಮುಗಿದ ಮೇಲೆ ಬಿರ್ಗಿಟ್ಟಾ ಎಲ್ಲರನ್ನೂ ನಿಲ್ಲಿಸಿ, ಒಬ್ಬನೇ ಕ್ಯಾಚರ್‌ನನ್ನು ನಂಬಿ ಕೂತದ್ದು ದಡ್ಡತನ, ಚಳಿಗಾಲದೊಳಗೆ ಇನ್ನೊಬ್ಬರು ಕಲಿಯಬೇಕು ಎಂದಳು. ಯಾರಿಗೆ ಇಷ್ಟ? ಎಲ್ಲರೂ ಗೋಪಿಯ ಮಂಡಿಯನ್ನು ನೆನೆದುಕೊಂಡವರಂತೆ ನೆಲ ನೋಡಿದರು.

ಶೋಭನಾ ಹೆನ್ರಿಕ್‌ನನ್ನು ಕೇಳಿದಳು: "ಅಲ್ಲಿ ಕೂತ್ರೆ ಏನು ಕಾಣುತ್ತೆ?"

"ಎಲ್ಲಾ. ನಮ್ಮವರು ಎಂಟೂ ಜನ ಈ ಕಡೆ ನೋಡ್ತಿರ್ತಾರೆ. ಅವರ ಮುಖ ನೋಡೋದು ಕ್ಯಾಚರ್ ಒಬ್ಬನೇ."

ಅವಳು ಹೋಮ್ ಪ್ಲೇಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಬೆಂಚಿಗೆ ಹೋಗಿ ಕಾಲಿನ ಪ್ಯಾಡು ಕಟ್ಟಿಕೊಂಡಳು, ಎಡಬಲ ಅದಲು ಬದಲಾಗಿ. ರಿಯಾ ಬಿಚ್ಚಿ ಸರಿಮಾಡಿದಳು. ಎದೆಗವಚ ದೊಡ್ಡದಾಗಿತ್ತು, ಮುಖರಕ್ಷೆಯ ಕಂಬಿಗೆ ಬೇರೆಯವರ ಬೆವರಿನ ವಾಸನೆ. ಕುಕ್ಕರಗಾಲಲ್ಲಿ ಕೂತು ಗ್ಲೌಸು ಚಾಚಿದಳು.

ಎಬ್ಬಾ ಎಸೆದಳು. ಫಟ್ ಎಂದು ಸದ್ದಾಯಿತು. ಚೆಂಡು ಗ್ಲೌಸಿನೊಳಗೇ ಇತ್ತು, ಅಂಗೈ ಉರಿಯುತ್ತಿತ್ತು.

"ಕಣ್ಣು ಮುಚ್ಚಿದ್ದೆ ನೀನು," ಎಂದಳು ಎಬ್ಬಾ.

"ಗೊತ್ತಾಯ್ತು," ಎಂದು ಶೋಭನಾ ಚೆಂಡನ್ನು ಹಿಂದಕ್ಕೆ ಎಸೆದಳು. "ಇನ್ನೊಂದು ಎಸಿ."