ಮೂವತ್ತೆಂಟು ಡಿಗ್ರಿ

ಬೆಳಗ್ಗೆ ಏಳಕ್ಕೆಲ್ಲ ಆರೈಕೆ ಕೇಂದ್ರದ ಸ್ನಾನದ ಮನೆಗಳ ಮುಂದೆ ಟವೆಲ್ ಹೆಗಲಿಗೇರಿಸಿದವರ ಸಾಲು. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು, ವಯಸ್ಸಾದವರು. ಅವರನ್ನು ದಾಟಿಕೊಂಡು ತಾರಸಿಗೆ ಹೊರಟಿದ್ದ ಮೆಕ್ಯಾನಿಕ್ ಹೆಂಗಸಿಗೆ ಅಲ್ಲಿಯವರು ಇಟ್ಟ ಹೆಸರು ಸ್ಪ್ಯಾನರಕ್ಕ.

"ಏನಮ್ಮಾ ಸ್ಪ್ಯಾನರಕ್ಕ, ನಿನ್ನ ಸೂರ್ಯ ಸೋಮಾರಿ ಆಗ್ಬಿಟ್ನಾ? ನೀರು ಸರಿಯಾಗಿ ಕಾಯೋದೇ ಇಲ್ವಲ್ಲ!" ಎಂದು ನಿವೃತ್ತ ಮೇಷ್ಟ್ರು ಛೇಡಿಸಿದರು. ನಗುವಿನ ಬೆನ್ನಿಗೇ ಕೆಮ್ಮು ಬಂತು. ಅದು ನಿಲ್ಲಲೇ ಇಲ್ಲ.

"ಇವರು ಮೂರನೆಯವರು" ಎಂದಳು ನರ್ಸ್. "ಹೆಂಗಸರ ವಾರ್ಡಲ್ಲಿ ಆಗ್ಲೇ ಇಬ್ರಿಗೆ ಜ್ವರ, ಕೆಮ್ಮು."

ಸ್ಪ್ಯಾನರಕ್ಕ ಒಂದೇ ಉಸಿರಿಗೆ ತಾರಸಿಗೆ ಹತ್ತಿದಳು.

ತಾರಸಿಯ ಸೌರ ಫಲಕಗಳು ಎರಡು ಕೆಲಸ ಮಾಡುತ್ತಿದ್ದವು. ಬಿಸಿಲು ಬಿದ್ದ ಮೈಯಿಂದ ವಿದ್ಯುತ್. ಬೆನ್ನಿಗೆ ಅಂಟಿದ ಕೊಳವೆಗಳಿಂದ ಟ್ಯಾಂಕಿನ ನೀರಿಗೆ ಶಾಖ. ಫಲಕ ತಣ್ಣಗಿದ್ದಷ್ಟೂ ಕರೆಂಟು ಹೆಚ್ಚು, ಆದರೆ ನೀರಿನ ಬಿಸಿ ಕಡಿಮೆ. ಆ ಕೊರತೆ ತುಂಬಲೆಂದೇ ಟ್ಯಾಂಕಿನಲ್ಲೊಂದು ಹೀಟರ್ ಇತ್ತು. ಪರಿಶೀಲನಾ ಸಮಿತಿ ಬರುವ ಹೊತ್ತಿಗೆ ಸ್ವಾಗತ ಕೊಠಡಿಯ ಪರದೆಯಲ್ಲಿ ಕರೆಂಟಿನ ಅಂಕಿ ಏರಬೇಕೆಂದು ಮ್ಯಾನೇಜರು ಹಟ ಹಿಡಿದಿದ್ದರು. ಫಲಕ ತಣ್ಣಗಾಗಲೆಂದು ಕೊಳವೆಗೆ ನೀರು ಹರಿಸುವ ಪಂಪಿನ ವೇಗ ಹೆಚ್ಚಿಸಿ, ಕರೆಂಟು ಉಳಿಯಲೆಂದು ಹೀಟರ್ ಆರಿಸಿದ್ದು ಇವಳೇ. ಅದಾಗಿ ಮೂರು ವಾರ. ಟ್ಯಾಂಕಿನ ಮಾಪಕ ಮೂವತ್ತೆಂಟು ಡಿಗ್ರಿಯಲ್ಲೇ ನಿಂತಿತ್ತು. ಉಗುರುಬೆಚ್ಚಗಿನ ನೀರು ನಿಂತಲ್ಲಿ ರೋಗಾಣು ಬೆಳೆಯುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು.

ಅವಳು ದಡಬಡ ಇಳಿದು ಮ್ಯಾನೇಜರ ಕೋಣೆಗೆ ನುಗ್ಗಿದಳು.

"ಸರ್, ಶವರ್ ಎಲ್ಲ ಬಂದ್ ಮಾಡ್ಬೇಕು. ಹೀಟರ್ ಈಗ್ಲೇ ಹಾಕ್ಬೇಕು."

"ನಾಳೆ ಸಮಿತಿ ಬರ್ತಿದೆ ಕಣಮ್ಮಾ! ಹೀಟರ್ ಹಾಕಿದ್ರೆ ಅಂಕಿ ಧೊಪ್ ಅಂತ ಬೀಳುತ್ತೆ. ಅವರು ಒಪ್ಪಿದ್ರೇನೇ ಇನ್ನೊಂದು ವಾರ್ಡ್. ಹಾಸಿಗೆ ಇಲ್ಲ ಅಂತ ದಿನಾ ಎಷ್ಟು ಜನರನ್ನ ವಾಪಸ್ ಕಳಿಸ್ತೀನಿ, ನೀನೇ ನೋಡಿದೀಯ. ನನಗೇನು ಚಪಲಾನಾ?"

ಅದೂ ಸುಳ್ಳಲ್ಲ. ಅವರೇನು ಕೆಟ್ಟವರಲ್ಲ, ಅಂಕಿಗೆ ಮರುಳಾದವರು ಅಷ್ಟೇ.

"ಮೂರು ಜನ ಕೆಮ್ತಿದಾರೆ ಸರ್. ಆ ನೀರಿನ ಹನಿ ಉಸಿರಲ್ಲಿ ಒಳಗೆ ಹೋಗುತ್ತೆ."

"ಹವಾ ಬದಲಾಗಿದೆ, ನೆಗಡಿ. ಸುಮ್ನೆ ಹೆದರಿಸ್ಬೇಡ."

"ಸರಿ, ನೆಗಡೀನೇ ಇರ್ಲಿ. ಬನ್ನಿ."

ಆಗಷ್ಟೇ ಖಾಲಿಯಾದ ಸ್ನಾನದ ಮನೆಯ ಬಾಗಿಲು ತೆರೆದು ಅವಳು ಹೊರಗೇ ನಿಂತಳು. ನಲ್ಲಿಯತ್ತ ಕೈ ತೋರಿಸಿದಳು. "ನೀವೇ ಶವರ್ ಬಿಟ್ಟು ಐದು ನಿಮಿಷ ಕೆಳಗೆ ನಿಂತ್ಕೊಳ್ಳಿ ಸರ್. ಆಮೇಲೆ ನಾನು ತುಟಿ ಪಿಟಕ್ ಅನ್ನಲ್ಲ."

ಮ್ಯಾನೇಜರು ನಕ್ಕು ಒಳಗೆ ಹೆಜ್ಜೆಯಿಟ್ಟರು. ಕೈ ನಲ್ಲಿಯವರೆಗೂ ಹೋಯಿತು. ಹೊರಗಿನ ಸಾಲಿನಿಂದ ಮೇಷ್ಟ್ರ ಕೆಮ್ಮು ಕೇಳಿಸಿತು. ಕೈ ಅಲ್ಲೇ ನಿಂತಿತು. ಅವರು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು.

"ಸಾಲಲ್ಲಿರೋರನ್ನ ವಾಪಸ್ ಕಳಿಸು" ಎಂದರು. "ಹೀಟರ್ ಹಾಕು. ಸಮಿತಿಗೆ ನಾನು ಹೇಳ್ಕೋತೀನಿ."

ಅವಳು ಅಷ್ಟೂ ಮಾಡಿದಳು. ಆದರೆ ನೀರಲ್ಲಿ ಬೆಳೆದದ್ದು ಏನಾದರೂ ಇದ್ದರೆ ಅದು ಆಗಲೇ ಮೂವರ ಎದೆಯೊಳಗಿತ್ತು. ಡಾಕ್ಟರರು ಅವರಿಗೆ ನೆಗಡಿಯ ಮಾತ್ರೆ ಬರೆಯುತ್ತಿದ್ದರು. ಕೆಲಸ ಹೋಗುತ್ತದೆ, ಪೊಲೀಸರೂ ಬಂದಾರು ಎನ್ನಿಸಿತು. ಆದರೂ ಡಾಕ್ಟರರ ಕೋಣೆಯ ಬಾಗಿಲು ತಳ್ಳಿದಳು.

"ಡಾಕ್ಟ್ರೇ, ಅದು ನೆಗಡಿ ಅಲ್ದೇ ಇರ್ಬಹುದು. ಮೂರು ವಾರದಿಂದ ಟ್ಯಾಂಕಿನ ಹೀಟರ್ ಆರಿತ್ತು. ಆರಿಸಿದ್ದು ನಾನು. ಬರ್ಕೊಳ್ಳಿ."