ಈಗ್ತಾನೆ ಕುಡ್ಕಂಡ್ ಬಂದೆ

ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಬುದ್ಧಿ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ತುಂಬಿದವಳು ಆಶಾರಾಣಿ. ಹಾಸನದ ಗಾರ್ಮೆಂಟ್ಸಿನಲ್ಲಿ ಅವಳದೂ ನನ್ನದೂ ಅಕ್ಕಪಕ್ಕದ ಮಿಷನ್ನು. ಅವಳು ಕಾಲರ್ ಹೊಲಿದು ಇತ್ತ ತಳ್ಳಿದರೆ ನಾನು ಅದನ್ನು ಅಂಗಿಗೆ ಕೂಡಿಸಬೇಕು. ಕಟ್ಟಾಯದ ಹತ್ತಿರದ ನಮ್ಮೂರಿನಿಂದ ಒಂದೇ ವ್ಯಾನಿನಲ್ಲಿ ಹೋಗಿ ಒಂದೇ ವ್ಯಾನಿನಲ್ಲಿ ಬರುತ್ತೇವೆ. ನಾನು ಊರೊಳಗಿನವಳು, ಅವಳು ಕಾಲೊನಿಯವಳು. ನಾವು ಗೌಡರು, ಅವರು ಎಸ್ಸಿ ಜನ.

ಫ್ಯಾಕ್ಟರಿಯಲ್ಲಿ ಇದು ಯಾರಿಗೂ ಬೇಕಿಲ್ಲ. ಮಧ್ಯಾಹ್ನ ಬೆಲ್ ಹೊಡೆದರೆ ಇಬ್ಬರ ಡಬ್ಬಿಯೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಅವಳ ಹುಚ್ಚೆಳ್ಳು ಚಟ್ನಿ ಅಂದರೆ ನನಗೆ ಪ್ರಾಣ. ನನ್ನ ರೊಟ್ಟಿ ಚಪ್ಪಲಿ ಇದ್ದ ಹಾಗಿರುತ್ತದೆ ಎಂದು ಬಯ್ಯುತ್ತಲೇ ಅವಳು ಅದನ್ನು ಮುಗಿಸುತ್ತಾಳೆ. ವ್ಯಾನಿಳಿದ ಮೇಲೆ ಮಾತ್ರ ಬೇರೆ ಕಾನೂನು. ನಮ್ಮನೆಗೆ ಏನಾದರೂ ಹೇಳಲು ಬಂದರೆ ಅವಳು ಅಂಗಳದಲ್ಲೇ ನಿಲ್ಲುತ್ತಾಳೆ, ನಾನೂ ಒಳಗೆ ಬಾ ಅನ್ನುವುದಿಲ್ಲ. ಇದನ್ನು ಇಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಊರೆಂದರೆ ಹಾಗೇ ಎಂದುಕೊಂಡು ನಾನು ಅದರ ತಂಟೆಗೇ ಹೋಗಿರಲಿಲ್ಲ.

ನನ್ನ ಮಗಳು ಅನುಶ್ರೀ ಹಾಸನದಲ್ಲಿ ಒಂಬತ್ತನೇ ಕ್ಲಾಸು ಓದುತ್ತಾಳೆ. ಬೆಳಗಿನ ಬಸ್ಸು ತುಂಬಿದೆ ಎಂದು ನೆವ ಹೇಳಿ ನಮ್ಮೂರ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವುದು ಮಾಮೂಲಾಗಿತ್ತು. ಹುಡುಗಿಯರು ಬ್ಯಾಗು ಹೊತ್ತು ಬಸ್ಸಿನ ಹಿಂದೆ ಓಡುವುದನ್ನು ನೋಡಿ ನೋಡಿ ಒಂದು ದಿನ ನನಗೆ ನೆತ್ತಿಗೇರಿತು. ರಸ್ತೆ ಮಧ್ಯಕ್ಕೆ ಹೋಗಿ ನಿಂತೆ. ಡ್ರೈವರ್ ಹಾರ್ನ್ ಹೊಡೆದ, ಬಯ್ದ. ನಾನೂ ಬಡ್ಡಿ ಸಮೇತ ವಾಪಸ್ ಬಯ್ದೆ. ಅಷ್ಟರಲ್ಲಿ ಆಶಾ ಬಂದು ನನ್ನ ಪಕ್ಕ ನಿಂತಳು. ಆಮೇಲೆ ಒಬ್ಬೊಬ್ಬರೇ ಬಂದರು. ಅವತ್ತಿನಿಂದ ಬಸ್ಸು ಬಾಲ ಮುದುರಿಕೊಂಡು ನಿಲ್ಲುತ್ತದೆ.

"ಬಸ್ಸನ್ನೇ ನಿಲ್ಸ್‌ದೋಳು ನೀನು, ಎಲೆಕ್ಷನ್ನಿಗೂ ನಿಂತ್ಕಳೇ," ಎಂದು ವ್ಯಾನಿನಲ್ಲಿ ಅವಳು ಅಂದಾಗ ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ನಮ್ಮ ಊರಿನ ಸೀಟು ಈ ಸಲ ಸಾಮಾನ್ಯ ಮಹಿಳೆಗೆ ಬಂತು. ನಮ್ಮ ಕೇರಿಯಲ್ಲಿ ರಂಗಸ್ವಾಮಣ್ಣನ ಮಾತೇ ಮಾತು. ಆತ ತನ್ನ ಸೊಸೆಯನ್ನು ನಿಲ್ಲಿಸಲು ನೋಡಿದ. ಆಕೆ ಸುತರಾಂ ಒಪ್ಪಲಿಲ್ಲ. ಆಮೇಲೆ ನಮ್ಮನೆ ಬಾಗಿಲಿಗೆ ಬಂದು, ಬಸ್ಸು ನಿಲ್ಲಿಸಿದ ಹೆಣ್ಣುಮಗಳು ಇವಳೇ ತಾನೆ ಎಂದ. ಗೂಡ್ಸ್ ಆಟೋ ಓಡಿಸುವ ನನ್ನ ಗಂಡ ಶಶಿಕುಮಾರ್ ಅವತ್ತೇ ಮೆಂಬರ್ ಆದವನ ಹಾಗೆ ಆಡತೊಡಗಿದ. ನೀನು ಸುಮ್ಮನೆ ಕೈಮುಗಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ನಿಲ್ಲುವವಳು ನಾನು, ನೋಡಿಕೊಳ್ಳುವವಳೂ ನಾನೇ ಎಂದು ಮುಖಕ್ಕೆ ಮಂಗಳಾರತಿ ಮಾಡಿದೆ. ನಿಜ ಹೇಳುತ್ತೇನೆ, ನನಗೂ ಆಸೆ ಹತ್ತಿತ್ತು. ಅಡುಗೆಮನೆ ಮತ್ತು ಮಿಷನ್ನು ಬಿಟ್ಟರೆ ನನಗೆ ಬೇರೆ ಜಾಗವೇ ಇಲ್ಲ ಎಂದು ನನ್ನ ಮಗಳು ತಿಳಿದುಕೊಂಡು ಬೆಳೆಯಬಾರದು ಎನಿಸಿತ್ತು.

ಗುರುತು ಹೊಲಿಗೆ ಮಿಷನ್ನೇ ಸಿಕ್ಕಿತು. ನಮ್ಮ ಕೇರಿಯ ಓಟು ನನಗೂ, ನನ್ನೆದುರು ನಿಂತಿದ್ದ ನಟರಾಜನ ಹೆಂಡತಿಗೂ ಅರ್ಧರ್ಧ ಒಡೆದು ಹೋಗಿತ್ತು. ಗೆಲ್ಲಿಸುವುದಿದ್ದರೆ ಕಾಲೊನಿಯೇ ಗೆಲ್ಲಿಸಬೇಕು. ಆಶಾ ಆಗಲೇ ಅಲ್ಲಿ ಮನೆ ಮನೆ ತಿರುಗಿ, ಅನಸೂಯ ಬೇರೆಯವರ ಹಾಗಲ್ಲ, ಅವಳನ್ನು ನಾನು ಬಲ್ಲೆ ಎಂದು ಹೇಳಿ ಬಂದಿದ್ದಳು.

ಭಾನುವಾರ ರಂಗಸ್ವಾಮಣ್ಣ, ಅವನ ಹೆಂಡತಿ, ಶಶಿ, ನಾನು ಓಟು ಕೇಳಲು ಹೊರಟೆವು. ನಮ್ಮ ಕೇರಿಯಲ್ಲಿ ಹೋದ ಮನೆಯಲ್ಲೆಲ್ಲ ಕಾಫಿ, ಮಜ್ಜಿಗೆ, ಪಾನಕ. ಬೇಡ ಅನ್ನುವ ಹಾಗಿಲ್ಲ, ಬೇಡ ಅಂದರೆ ಆ ಮನೆಯ ಓಟು ಹೋಯಿತು ಎಂದೇ ಲೆಕ್ಕ. ಕುಡಿದು ಕುಡಿದು ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿತ್ತು. ಆಮೇಲೆ ಕಾಲೊನಿಗೆ ಹೋದೆವು. ಅಲ್ಲಿ ಎಲ್ಲರೂ ಬಾಗಿಲಲ್ಲೇ ನಿಂತು ಕೈಮುಗಿದರು, ನಾವೂ ಬೀದಿಯಲ್ಲೇ ನಿಂತು ಕೈಮುಗಿದೆವು.

ಆಶಾಳ ಮನೆ ಮುಂದೆ ಮಾತ್ರ ರಂಗೋಲಿ ಬಿದ್ದಿತ್ತು. ಜಗಲಿ ಮೇಲೆ ಚಾಪೆ ಹಾಸಿದ್ದಳು. ಫ್ಯಾಕ್ಟರಿಯ ಆಯುಧಪೂಜೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ತಟ್ಟೆಯಲ್ಲಿ ಸ್ಟೀಲ್ ಲೋಟ ಜೋಡಿಸಿ, ಬೆಲ್ಲದ ಪಾನಕ ತುಂಬಿಸಿ ತಂದಳು. ರಂಗಸ್ವಾಮಣ್ಣ ತನಗೆ ಸಕ್ಕರೆ ಕಾಯಿಲೆ ಎಂದ. ಅವನ ಹೆಂಡತಿ ಇವತ್ತು ಒಪ್ಪತ್ತು ಎಂದಳು. ಈಗಷ್ಟೇ ಮೂರು ಮನೆಯಲ್ಲಿ ಸಕ್ಕರೆ ಸುರಿದ ಕಾಫಿ ಕುಡಿದಿದ್ದ ಗಂಡಸು! ಶಶಿ ಫೋನ್ ಬಂದವನ ಹಾಗೆ ಆ ಕಡೆ ತಿರುಗಿಕೊಂಡ. ಆಶಾಗೆ ಇದು ಹೊಸದಲ್ಲ, ಅವರ ಮುಂದೆ ಅವಳು ತಟ್ಟೆಯನ್ನು ಸುಮ್ಮನೆ ಒಂದು ಶಾಸ್ತ್ರಕ್ಕೆ ಹಿಡಿದಿದ್ದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು. ಅವಳ ತುಟಿಯ ತುದಿಯಲ್ಲಿ ನಗು ಇತ್ತು. ನೋಡಿದೆಯಾ ಇವರ ನಾಟಕ, ತಗೋ, ಅನ್ನುವ ನಗು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಡಿಯಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ರಂಗಸ್ವಾಮಣ್ಣ ಕಣ್ಣು ಸಹ ಮಿಟುಕಿಸಲಿಲ್ಲ.

"ಈಗ್ತಾನೆ ಕುಡ್ಕಂಡ್ ಬಂದೆ ಕಣೇ," ಅಂದೆ. "ಓಟು ಮಾತ್ರ ಮರೀಬ್ಯಾಡ."

ನಾಲಿಗೆ ಸೀಳಿಹೋಗಬಾರದಿತ್ತೇ. ಕುಡಿದು ಬಂದದ್ದೇನೋ ಸುಳ್ಳಲ್ಲ. ಆದರೆ ಆ ಮಾತು ನಮ್ಮೂರಲ್ಲಿ ಯಾವಾಗ ಯಾರು ಯಾರ ಮನೆ ಮುಂದೆ ಆಡುತ್ತಾರೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ನನ್ನ ಅತ್ತೆ ಆಡುತ್ತಿದ್ದ ಮಾತು ಅದು. ಅದೇ ರಾಗ, ಅದೇ ಧಾಟಿ. ಆಶಾಳ ನಗು ಅಲ್ಲೇ ಇತ್ತು, ತೆಗೆಯಲು ಮರೆತವಳ ಹಾಗೆ. "ಆಯ್ತು ಬುಡಕ್ಕ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಮುಂದಿನ ಮನೆಗೆ ಹೋಗಿ ಕೈಮುಗಿದೆ.

ಸೋಮವಾರ ವ್ಯಾನಿನಲ್ಲಿ ಅವಳ ಪಕ್ಕ ಕೂರಬೇಕು, ಕ್ಷಮಿಸು ಅನ್ನಬೇಕು ಎಂದುಕೊಂಡೆ. ಆದರೆ ಎಲೆಕ್ಷನ್ ಮುಗಿಯುವ ತನಕ ಮನೆಯವರು ನನ್ನ ಕೈಲಿ ಕೆಲಸಕ್ಕೆ ರಜೆ ಹಾಕಿಸಿದ್ದರು. ಮನೆಗೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಹೋದರೆ ಅವಳು ಕೂರಲು ಹೇಳುತ್ತಾಳೆ, ಏನಾದರೂ ಕೊಡುತ್ತಾಳೆ ಎಂಬ ಭಯ ನನಗೆ. ನನ್ನಂಥವಳು ಇನ್ನೊಬ್ಬಳು ಹುಟ್ಟಬಾರದು.

ಅಷ್ಟರಲ್ಲಿ ನಟರಾಜನ ಕಡೆಯವರು ಕಾಲೊನಿಯಲ್ಲಿ ಕೂತು ಊಟ ಮಾಡಿ ವಿಡಿಯೋ ಬಿಟ್ಟರು. ಅದು ಊರವರ ಫೋನಿನಲ್ಲೆಲ್ಲ ಓಡಾಡಿತು. ಒಪ್ಪತ್ತು ಮತ್ತು ಸಕ್ಕರೆ ಕಾಯಿಲೆಯ ದಂಪತಿಗೆ ಆಗ ಜ್ಞಾನೋದಯವಾಯಿತು. ನಾಳೆಯೇ ನಿನ್ನ ಸ್ನೇಹಿತೆ ಮನೆಯಲ್ಲಿ ತಿಂಡಿ ತಿಂದು ಬಾ, ಶಶಿ ವಿಡಿಯೋ ಹಿಡಿಯುತ್ತಾನೆ ಎಂದ ರಂಗಸ್ವಾಮಣ್ಣ. ಮಾರನೇ ದಿನ ತಿಂಡಿ ಕಟ್ಟಾಯದ ಹೋಟೆಲಿನಿಂದ ಪಾರ್ಸೆಲ್ ಬಂತು. ನಾನು ರೇಗಿದೆ, ಅವಳ ಮನೆಗೆ ನಾನು ಬರಿಗೈಯಲ್ಲೇ ಹೋಗುತ್ತೇನೆ ಎಂದೆ. ನಮ್ಮ ಕೇರಿಯ ಓಟೂ ಬೇಕಲ್ಲವ್ವ, ಎರಡೂ ಕಡೆ ನೋಡಿಕೊಂಡು ನಡೆಯಬೇಕು ಎಂದ ಆತ. ನಾನು ಪಾರ್ಸೆಲ್ ಎತ್ತಿಕೊಂಡೆ. ರೇಗಿದ್ದಷ್ಟೇ ಬಂತು.

ಆಶಾ ಪಾರ್ಸೆಲ್ ನೋಡಿದಳು. ಒಳಗಿಂದ ಹುಚ್ಚೆಳ್ಳು ಹುರಿದ ವಾಸನೆ ಬರುತ್ತಿತ್ತು. ಅವಳು ಚಟ್ನಿಯ ಮಾತೆತ್ತಲಿಲ್ಲ. ಕಾಗದದ ತಟ್ಟೆಗೆ ಇಡ್ಲಿ ಹಾಕಿ ನನ್ನ ಮುಂದಿಟ್ಟಳು. ಶಶಿ ವಿಡಿಯೋ ಹಿಡಿದ. ಮುಖಕ್ಕೆ ಬೆಳಕು ಬಿದ್ದಿಲ್ಲ, ಇನ್ನೊಂದು ಸಲ ಎಂದ. ಆಶಾ, ನೀನು ಇತ್ತ ಸರಿದು ಪಕ್ಕಕ್ಕೆ ಬಾರವ್ವ ಎಂದ. ಅವಳು ಸರಿದು ಬಂದಳು. ನಗು ಅಂದಾಗ ನಕ್ಕಳು. ನಾನು ತಲೆ ತಗ್ಗಿಸಿ ತಿಂದೆ. ತಲೆ ಎತ್ತು ಎಂದು ಶಶಿ ನನ್ನನ್ನು ಗದರಿದ.

ಹೊರಟಾಗ ಅವಳು ಬಾಗಿಲ ತನಕ ಬಂದು, ಗೆದ್ದ ಮೇಲೆ ನಮ್ಮ ಬೀದಿಗೊಂದು ನಲ್ಲಿ ಹಾಕಿಸಿಕೊಡಿ ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಏನೂ ಕೇಳಿದವಳಲ್ಲ. ಬಹುವಚನದಲ್ಲಿ ಕರೆದವಳೂ ಅಲ್ಲ. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಗೆದ್ದೆ. ಕಾಲೊನಿಯ ಓಟಿನಲ್ಲೇ ಗೆದ್ದೆ, ಅದು ಊರಿಗೆಲ್ಲ ಗೊತ್ತು. ಹಾಸನದಲ್ಲಿ ಎಣಿಕೆ ಮುಗಿದ ಮೇಲೆ ಶಶಿಯ ಗೂಡ್ಸ್ ಆಟೋದ ಹಿಂದೆ ನನ್ನನ್ನು ನಿಲ್ಲಿಸಿ, ಕುತ್ತಿಗೆ ತುಂಬ ಹಾರ ಹಾಕಿ ಮೆರವಣಿಗೆ ತಂದರು. ಅನುಶ್ರೀ ಕುಣಿಯುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡಿದೆ: ಯಾರು ಏನಾದರೂ ಅಂದುಕೊಳ್ಳಲಿ, ಇವತ್ತು ಎಲ್ಲರ ಎದುರಿಗೇ ಅವಳ ಮನೆಯ ನೀರು ಕುಡಿಯುತ್ತೇನೆ. ಹಾಗೆ ಕುಡಿಯಲಾಗದಿದ್ದರೆ ಈ ಮೆಂಬರ್‌ಗಿರಿಗೆ ಬೆಂಕಿ ಬೀಳಲಿ.

ಕಾಲೊನಿಗೆ ಬಂದಾಗ ಆಶಾ ಬಾಗಿಲಲ್ಲಿ ನಿಂತಿದ್ದಳು. ಆಟೋ ನಿಲ್ಲಿಸಿ ಎಂದು ಕೂಗಿ ಇಳಿದೆ. ನೆಟ್ಟಗೆ ಅವಳ ಜಗಲಿ ಹತ್ತಿದೆ.

"ಬಾಯಾರ್ತದೆ ಕಣೇ ಆಶಾ," ಅಂದೆ. "ಒಂದ್ ಲೋಟ ನೀರ್ ಕೊಡು."

ಅವಳು ಒಳಗೆ ಹೋಗಿ ನೀರು ತಂದಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಸಿಟ್ಟಿನಿಂದಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ನನ್ನ ಹೆಗಲ ಮೇಲಿಂದ ಆಚೆ ನೋಡಿ ನನ್ನ ಗಂಡನನ್ನು ಹುಡುಕಿದಳು.

"ಶಶಿಯಣ್ಣ, ಫೋನ್ ತಗಳಿ," ಎಂದಳು. "ಅಕ್ಕೋರು ನೀರ್ ಕುಡೀತಾರೆ."

ಶಶಿ ಫೋನ್ ತೆಗೆದ. ಬೆಳಕಿಗೆ ಅಡ್ಡ ನಿಂತಿದ್ದವರನ್ನು ರಂಗಸ್ವಾಮಣ್ಣ ಪಕ್ಕಕ್ಕೆ ಸರಿಸಿದ. ಇದು ಅದಕ್ಕಲ್ಲ ಕಣೇ, ಇದು ನನಗೇ ಬೇಕಾಗಿ ಕೇಳಿದ್ದು ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದ್ದರೆ ಅದೂ ಫೋನಿಗೇ ಬೀಳುತ್ತಿತ್ತು. ಆಶಾ ಸೆರಗು ಸರಿಮಾಡಿಕೊಂಡಳು. ಇಬ್ಬರ ಮುಖವೂ ಕಾಣುವ ಹಾಗೆ ನನ್ನ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಲೋಟವನ್ನು ಕೈಗಿಟ್ಟಳು.

ಕುಡಿದೆ. ತಳದವರೆಗೂ ಕುಡಿದೆ. ಕಣ್ಣಲ್ಲಿ ನೀರು ಬಂತು, ಅದಕ್ಕೆ ಜನ ಚಪ್ಪಾಳೆ ಹೊಡೆದರು.

ಆಶಾ ಖಾಲಿ ಲೋಟ ತೆಗೆದುಕೊಂಡು, ನನ್ನನ್ನಲ್ಲ, ನನ್ನ ಗಂಡನನ್ನು ಕೇಳಿದಳು:

"ಸರ್‍ಯಾಗ್ ಬಂತಾಣ್ಣ? ಇಲ್ದಿದ್ರೆ ಇನ್ನೊಂದ್ ಲೋಟ ತತ್ತೀನಿ."